ಇಮೇಲ್‌ನಿಂದ ಬಂದ ಓದುಗರು ವರದಿಯಲ್ಲಿ ಕಾಣುತ್ತಿಲ್ಲವೇ? ಒಂದೇ ಕ್ಲಿಕ್ ಹಿಂಬಾಲಿಸಿ ದೋಷ ಹುಡುಕುವ ಬಗೆ

ಸುದ್ದಿಪತ್ರ ಕಳಿಸಿ ಎರಡು ದಿನ ಆಗಿದೆ ಅಂದುಕೊಳ್ಳಿ. ಇಮೇಲ್ ಕಳಿಸುವ ಸೇವೆಯ ಪುಟ ನೋಡಿದರೆ 400 ಕ್ಲಿಕ್ ಬಂದಿವೆ. ಸೈಟಿಗೆ ಬಂದವರನ್ನು ಎಣಿಸುವ ಅನಲಿಟಿಕ್ಸ್ ಪ್ಲಗಿನ್ ತೆರೆದರೆ ಇಮೇಲ್ ಸಾಲಿನಲ್ಲಿ 30 ಮಾತ್ರ. ಕೆಲವು ಸಲ ಆ ಸಾಲೇ ಇರುವುದಿಲ್ಲ. ಅದೇ ಹೊತ್ತಿಗೆ ‘ಡೈರೆಕ್ಟ್’ (ಎಲ್ಲಿಂದ ಬಂದರೋ ಗೊತ್ತಿಲ್ಲದವರ) ಸಾಲು ಮಾತ್ರ ಯಾವತ್ತಿಗಿಂತ ಜಾಸ್ತಿ ಉಬ್ಬಿರುತ್ತದೆ.

ಇಂಥ ಹೊತ್ತಲ್ಲಿ ಹೆಚ್ಚಿನವರು ಮೊದಲು ಪ್ಲಗಿನ್ ಬದಲಾಯಿಸಲು ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಳೆಯ ದೋಷ ಅಲ್ಲೇ ಇರುತ್ತದೆ, ಜತೆಗೆ ಹೊಸದೊಂದು ಸೇರಿಕೊಳ್ಳುತ್ತದೆ. ಡೈರೆಕ್ಟ್ ಉಬ್ಬಿದೆ ಅಂದರೆ ಓದುಗರು ಬಂದಿದ್ದಾರೆ. ಎಲ್ಲಿಂದ ಬಂದರು ಅನ್ನುವ ಗುರುತು ಮಾತ್ರ ದಾರಿಯಲ್ಲಿ ಎಲ್ಲೋ ಕಳೆದಿದೆ. ಎಲ್ಲಿ ಕಳೆಯಿತು ಅಂತ ಮೊತ್ತದ ಅಂಕಿ ನೋಡಿ ಕಂಡುಹಿಡಿಯಲು ಆಗುವುದಿಲ್ಲ. ಒಂದೇ ಒಂದು ಕ್ಲಿಕ್ ಹಿಡಿದು, ಇಮೇಲ್‌ನಿಂದ ವರದಿಯವರೆಗೆ ಅದರ ಬೆನ್ನು ಹತ್ತಬೇಕು.

ವರ್ಡ್‌ಪ್ರೆಸ್ ಸೈಟು, ಅದಕ್ಕೆ ಗೂಗಲ್ ಅನಲಿಟಿಕ್ಸ್ 4 ಜೋಡಿಸುವ ಪ್ಲಗಿನ್ – ಇದನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಗೂಗಲ್ ಬದಲು ಮಟೋಮೊ ಎಂಬ ಅನಲಿಟಿಕ್ಸ್ ಬಳಸುವವರಿಗೂ ಲಿಂಕು ಮತ್ತು ರೀಡೈರೆಕ್ಟಿನ (ಒಂದು ವಿಳಾಸದಿಂದ ಇನ್ನೊಂದಕ್ಕೆ ತಾನಾಗಿ ಕಳಿಸುವುದರ) ಭಾಗ ಬಹುಮಟ್ಟಿಗೆ ಹೊಂದುತ್ತದೆ. ಲಿಂಕಿಗೆ ಅಂಟಿಸುವ ಯುಟಿಎಂ ಗುರುತುಗಳನ್ನು ಅದೂ ಓದುತ್ತದೆ.

ಗುರುತು ಅಂದರೆ ಏನು

ಒಬ್ಬರು ಪುಟ ತೆರೆದಾಗ ಅವರು ಎಲ್ಲಿಂದ ಬಂದರು ಅಂತ ಅನಲಿಟಿಕ್ಸ್‌ಗೆ ಎರಡು ರೀತಿಯಲ್ಲಿ ತಿಳಿಯುತ್ತದೆ. ಒಂದು, ಬ್ರೌಸರ್ ತಾನಾಗಿ ಹೇಳುವ ‘ರೆಫರರ್’. ಹಿಂದಿನ ಸೈಟು ಯಾವುದು ಅಂತ ಅದರಲ್ಲಿರುತ್ತದೆ. ಇನ್ನೊಂದು, ಲಿಂಕಿನ ಕೊನೆಯಲ್ಲಿ ನಾವೇ ಅಂಟಿಸುವ ಯುಟಿಎಂ ಚೀಟಿ. ಅರ್ಚಿನ್ ಎಂಬ ಕಂಪನಿಯನ್ನು ಗೂಗಲ್ 2005ರಲ್ಲಿ ಕೊಂಡುಕೊಂಡಿತು. ಗೂಗಲ್ ಅನಲಿಟಿಕ್ಸ್ ಹುಟ್ಟಿದ್ದು ಅದರಿಂದಲೇ. ಯುಟಿಎಂನ ಮೊದಲಕ್ಷರ ‘ಯು’ ಇವತ್ತಿಗೂ ಆ ಅರ್ಚಿನ್ ಹೆಸರನ್ನೇ ಹೊತ್ತಿದೆ.

ಬೇರೆ ಸೈಟಿನ ಲೇಖನದೊಳಗಿನ ಲಿಂಕ್ ಒತ್ತಿ ಬಂದವರಿಗೆ ಸಾಮಾನ್ಯವಾಗಿ ರೆಫರರ್ ಇರುತ್ತದೆ. ಈಗಿನ ಬ್ರೌಸರ್‌ಗಳು ಬೇರೆ ಸೈಟಿಗೆ ಹೋಗುವಾಗ ಪೂರ್ತಿ ವಿಳಾಸ ಕೊಡುವುದಿಲ್ಲ, ಡೊಮೇನ್ ಹೆಸರಷ್ಟೇ ಕೊಡುತ್ತವೆ. ಹಾಗಾಗಿ ಯಾವ ಸೈಟಿನಿಂದ ಅಂತ ಗೊತ್ತಾಗುತ್ತದೆ, ಯಾವ ಲೇಖನದಿಂದ ಅಂತ ಗೊತ್ತಾಗುವುದಿಲ್ಲ. ಇದು ದೋಷವಲ್ಲ, ವ್ಯವಸ್ಥೆಯೇ ಹಾಗೆ.

ಇಮೇಲ್ ಕಥೆ ಬೇರೆ. ಫೋನಿನ ಅಥವಾ ಕಂಪ್ಯೂಟರಿನ ಮೇಲ್ ಆ್ಯಪ್‌ನಿಂದ ಲಿಂಕ್ ಒತ್ತಿದರೆ ರೆಫರರ್ ಬರುವುದೇ ಇಲ್ಲ. ಬ್ರೌಸರ್‌ನಲ್ಲಿ ಮೇಲ್ ಓದುವವರ ವಿಷಯದಲ್ಲೂ ಅದನ್ನು ನಂಬುವಂತಿಲ್ಲ. ಅಂದರೆ ಇಮೇಲ್‌ಗೆ ಇರುವ ಆಧಾರ ಚೀಟಿ ಒಂದೇ. ಅದು ಬಿದ್ದುಹೋದರೆ ಆ ಓದುಗರು ವಿಳಾಸ ಟೈಪ್ ಮಾಡಿ ಬಂದವರ ಗುಂಪಿಗೆ, ಅಂದರೆ ಡೈರೆಕ್ಟ್‌ಗೆ ಸೇರುತ್ತಾರೆ.

ಪರೀಕ್ಷೆಯ ಕ್ಲಿಕ್

ಬೇರೆಲ್ಲೂ ಬಳಸದ ಒಂದು ಕ್ಯಾಂಪೇನ್ (ಒಂದು ಸಲದ ರವಾನೆ) ಹೆಸರು ಇಟ್ಟುಕೊಳ್ಳಿ. ಉದಾಹರಣೆಗೆ ‘ಟೆಸ್ಟ್-ಎ1’. ಲಿಂಕಿನ ಕೊನೆಗೆ ಮೂರು ಗುರುತು (ಮೂಲ, ಮಾರ್ಗ, ಕ್ಯಾಂಪೇನ್) ಸೇರಿಸಿ: ಯುಟಿಎಂ_ಸೋರ್ಸ್ = ನ್ಯೂಸ್‌ಲೆಟರ್, ಯುಟಿಎಂ_ಮೀಡಿಯಂ = ಇಮೇಲ್, ಯುಟಿಎಂ_ಕ್ಯಾಂಪೇನ್ = ಟೆಸ್ಟ್-ಎ1. ನಿಜವಾದ ಲಿಂಕಿನಲ್ಲಿ ಇವೆಲ್ಲ ಇಂಗ್ಲಿಷಿನ ಸಣ್ಣಕ್ಷರದಲ್ಲಿರಲಿ, ನಡುವೆ ಖಾಲಿ ಜಾಗ ಬೇಡ. ಕ್ಯಾಂಪೇನ್ ಹೆಸರನ್ನು ಕನ್ನಡದಲ್ಲೇ ಕೊಟ್ಟರೂ ಕೆಲಸ ನಡೆಯುತ್ತದೆ. ಆದರೆ ವಿಳಾಸದೊಳಗೆ ‘ಕ’ ಎಂಬ ಒಂದೇ ಅಕ್ಷರ ಶೇಕಡಾ ಚಿಹ್ನೆಗಳ ಸಮೇತ 9 ಅಕ್ಷರಗಳಷ್ಟು ಉದ್ದವಾಗುತ್ತದೆ, ಒತ್ತು–ಗುಣಿತ ಇದ್ದರೆ ಇನ್ನೂ ಜಾಸ್ತಿ. ಕಣ್ಣಿನಿಂದ ಓದಿ ತಪ್ಪು ಹಿಡಿಯುವುದು ಆಮೇಲೆ ಕಷ್ಟ.

ಈ ಲಿಂಕನ್ನು ಬ್ರೌಸರ್‌ಗೆ ಅಂಟಿಸಿ ನೋಡಿದರೆ ಪರೀಕ್ಷೆ ಆಗುವುದಿಲ್ಲ. ನೀವು ಸುದ್ದಿಪತ್ರ ಕಳಿಸುವ ಸೇವೆಯಿಂದಲೇ, ಅದೇ ಟೆಂಪ್ಲೇಟ್‌ನಲ್ಲೇ, ನಿಮಗೆ ನೀವೇ ಒಂದು ಮೇಲ್ ಕಳಿಸಿಕೊಳ್ಳಿ. ಕ್ಲಿಕ್ ಎಣಿಸುವ ಸಲುವಾಗಿ ಆ ಸೇವೆ ನಿಮ್ಮ ಲಿಂಕನ್ನು ತನ್ನ ವಿಳಾಸದೊಳಗೆ ಸುತ್ತಿಡುತ್ತದೆ. ಅರ್ಧ ದೋಷಗಳು ಅಡಗಿರುವುದು ಆ ಸುತ್ತಿನಲ್ಲೇ. ಟೆಸ್ಟ್ ಮೇಲ್‌ನಲ್ಲಿ ಲಿಂಕ್ ಸುತ್ತದ ಸೇವೆಗಳೂ ಇವೆ. ಅಂಥ ಕಡೆ ನಿಮ್ಮೊಬ್ಬರದೇ ವಿಳಾಸ ಇರುವ ಸಣ್ಣ ಪಟ್ಟಿ ಮಾಡಿ, ನಿಜವಾದ ಕ್ಯಾಂಪೇನ್ ಥರವೇ ಕಳಿಸಿ.

ಮೇಲ್ ಬಂದ ಮೇಲೆ ಲಿಂಕಿನ ಮೇಲೆ ಬಲ ಕ್ಲಿಕ್ ಮಾಡಿ ವಿಳಾಸ ಕಾಪಿ ಮಾಡಿಕೊಳ್ಳಿ. ಆಯ್ಕೆಗಳಲ್ಲಿ ‘ಕ್ಲೀನ್ ಲಿಂಕ್’ ಅಂತ ಇದ್ದರೆ ಅದನ್ನು ಒತ್ತಬೇಡಿ, ಅದು ಯುಟಿಎಂ ಚೀಟಿಯನ್ನೇ ಕಿತ್ತು ಕೊಡಬಹುದು. ಆಮೇಲೆ ಖಾಸಗಿ ವಿಂಡೋ ತೆರೆಯಿರಿ. ಅದರಲ್ಲಿ ವರ್ಡ್‌ಪ್ರೆಸ್‌ಗೆ ಲಾಗಿನ್ ಆಗಿರಬಾರದು, ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಆಫ್ ಆಗಿರಬೇಕು. ಎಫ್12 ಒತ್ತಿ ಡೆವಲಪರ್ ಟೂಲ್ಸ್ ತೆರೆದು, ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ ‘ಪ್ರಿಸರ್ವ್ ಲಾಗ್’ ಟಿಕ್ ಮಾಡಿ. ಈಗ ವಿಳಾಸ ಅಂಟಿಸಿ ಎಂಟರ್ ಒತ್ತಿ.

ಪುಟ ಪೂರ್ತಿ ತೆರೆದ ಮೇಲೆ ಮೊದಲು ಬ್ರೌಸರ್‌ನ ವಿಳಾಸಪಟ್ಟಿ (ಅಡ್ರೆಸ್ ಬಾರ್) ನೋಡಿ. ಚೀಟಿ ಅಲ್ಲಿ ಉಳಿದಿದೆಯೇ? ಮುಂದಿನ ದಾರಿಯೆಲ್ಲ ಈ ಉತ್ತರದ ಮೇಲೆ ನಿಂತಿದೆ.

ಚೀಟಿ ಇಲ್ಲದಿದ್ದರೆ: ಲಿಂಕು ಮತ್ತು ರೀಡೈರೆಕ್ಟು

ಪ್ಲಗಿನ್ ಸೆಟ್ಟಿಂಗ್ ಮುಟ್ಟುವ ಅಗತ್ಯ ಸದ್ಯಕ್ಕಿಲ್ಲ. ಪುಟಕ್ಕೆ ಬರುವ ಮೊದಲೇ ಗುರುತು ಹೋಗಿರುವ ಸಾಧ್ಯತೆಯೇ ಹೆಚ್ಚು. ನೆಟ್‌ವರ್ಕ್ ಪಟ್ಟಿಯ ಮೇಲ್ತುದಿಗೆ ಹೋಗಿ, 301 ಅಥವಾ 302 ಅಂತ ಇರುವ ಸಾಲುಗಳನ್ನು ಒಂದೊಂದಾಗಿ ಒತ್ತಿ. ಪ್ರತಿಯೊಂದರ ಹೆಡರ್‌ಗಳಲ್ಲಿ ‘ಲೊಕೇಶನ್’ ಅಂತ ಒಂದು ಸಾಲು ಇರುತ್ತದೆ. ಮುಂದೆ ಎಲ್ಲಿಗೆ ಹೋಗು ಅಂತ ಸರ್ವರ್ ಹೇಳುವುದು ಅಲ್ಲೇ.

ಸಾಮಾನ್ಯವಾಗಿ ಕಾಣುವ ಸರಣಿ ಹೀಗಿರುತ್ತದೆ. ಮೊದಲ ಸಾಲು ಇಮೇಲ್ ಸೇವೆಯದು. ಅದರ ಲೊಕೇಶನ್‌ನಲ್ಲಿ ನಿಮ್ಮ ಸೈಟಿನ ವಿಳಾಸ, ಚೀಟಿ ಸಮೇತ. ಎರಡನೆಯದು ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ, ಚೀಟಿ ಇನ್ನೂ ಇದೆ. ಮೂರನೆಯದು ಲೇಖನದ ಹಳೆಯ ವಿಳಾಸದಿಂದ ಹೊಸ ವಿಳಾಸಕ್ಕೆ. ಇದರ ಲೊಕೇಶನ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಯಿಂದ ಆಚೆಗಿನದು ಪೂರ್ತಿ ಮಾಯ. ಕಳ್ಳ ಸಿಕ್ಕಿದ. ಸೈಟಿನಲ್ಲಿ ಯಾರೋ ಯಾವಾಗಲೋ ಬರೆದಿಟ್ಟ ರೀಡೈರೆಕ್ಟ್ ನಿಯಮ, ಬಂದ ವಿಳಾಸದ ಬಾಲವನ್ನು ಮುಂದಕ್ಕೆ ಸಾಗಿಸದೆ ಬಿಟ್ಟಿದೆ. ರೀಡೈರೆಕ್ಟ್ ಪ್ಲಗಿನ್‌ಗಳಲ್ಲಿ ಸಾಮಾನ್ಯವಾಗಿ ಇದಕ್ಕೊಂದು ಆಯ್ಕೆ ಇರುತ್ತದೆ: ಪ್ಯಾರಾಮೀಟರ್‌ಗಳನ್ನು ಹೊಸ ವಿಳಾಸಕ್ಕೂ ಕಳಿಸು ಅನ್ನುವಂಥದ್ದು. ಅದನ್ನು ಆನ್ ಮಾಡಿ. ಇದಕ್ಕಿಂತ ಒಳ್ಳೆಯ ಪರಿಹಾರ ಸುದ್ದಿಪತ್ರದಲ್ಲಿ ಕೊನೆಯ ವಿಳಾಸವನ್ನೇ ಕೊಡುವುದು. ಎಚ್‌ಟಿಟಿಪಿಎಸ್ ಇರಲಿ, ನಿಮ್ಮ ಸೈಟು ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಜತೆಗೋ ಇಲ್ಲದೆಯೋ ಹೇಗೆ ತೆರೆಯುತ್ತದೋ ಹಾಗೇ ಇರಲಿ, ಕೊನೆಯ ‘/’ ಕೂಡ ಹಾಗೇ ಇರಲಿ. ದಾರಿಯಲ್ಲಿ ತಿರುವು ಕಡಿಮೆಯಾದಷ್ಟೂ ಕಳೆಯುವ ಅವಕಾಶ ಕಡಿಮೆ.

ಇಮೇಲ್ ಸೇವೆಯ ಮೊದಲ ಲೊಕೇಶನ್‌ನಲ್ಲೇ ಚೀಟಿ ಇಲ್ಲ, ಅಥವಾ ವಿಚಿತ್ರವಾಗಿದೆ ಅಂದರೆ ತಪ್ಪು ಲಿಂಕಿನಲ್ಲೇ ಇದೆ. ಪದೇ ಪದೇ ಸಿಗುವ ತಪ್ಪುಗಳು ಮೂರ್ನಾಲ್ಕೇ. ವಿಳಾಸದಲ್ಲಿ ಮೊದಲೇ ಒಂದು ‘?’ ಇದ್ದು, ಚೀಟಿಗೆ ಮತ್ತೊಂದು ‘?’ ಹಾಕಿರುತ್ತಾರೆ. ಎರಡನೆಯದರ ಜಾಗದಲ್ಲಿ ‘&’ ಬರಬೇಕು. ಪುಟದೊಳಗಿನ ಒಂದು ಭಾಗಕ್ಕೆ ಲಿಂಕ್ ಕೊಡುವಾಗ ಚೀಟಿಯನ್ನು ‘#’ ಆದ ಮೇಲೆ ಅಂಟಿಸಿರುತ್ತಾರೆ. ಅನಲಿಟಿಕ್ಸ್ 4 ಅದನ್ನು ತಾನಾಗಿ ಓದುವುದಿಲ್ಲ, ಚೀಟಿ ಮೊದಲು, ‘#’ ಕೊನೆಗೆ. ಇನ್ನೊಂದು ಗೊತ್ತಾಗದ ಹಾಗೆ ಕಾಡುವಂಥದ್ದು: ಎಚ್‌ಟಿಎಂಎಲ್ ಟೆಂಪ್ಲೇಟ್‌ನಲ್ಲಿ ‘&’ ಎರಡು ಸಲ ಎನ್‌ಕೋಡ್ ಆಗಿ, ತಲುಪುವ ವಿಳಾಸದಲ್ಲಿ ‘&’ ಬೆನ್ನಿಗೆ ‘ಎಎಂಪಿ;’ ಅಂಟಿಕೊಂಡಿರುತ್ತದೆ. ಆಗ ಸೋರ್ಸ್ ಮಾತ್ರ ಸರಿಯಾಗಿ ದಾಖಲಾಗುತ್ತದೆ, ಮೀಡಿಯಂ ಮತ್ತು ಕ್ಯಾಂಪೇನ್ ಖಾಲಿ. ವರದಿಯಲ್ಲಿ ಸೋರ್ಸ್ ಇದ್ದು ಮೀಡಿಯಂ ‘ನಾಟ್ ಸೆಟ್’ ಅಂತ ಕಂಡರೆ ಮೊದಲು ಇದನ್ನೇ ನೋಡಿ.

ಇಮೇಲ್ ಸೇವೆಯಲ್ಲಿ ‘ಅನಲಿಟಿಕ್ಸ್ ಟ್ರ್ಯಾಕಿಂಗ್ ತಾನಾಗಿ ಸೇರಿಸು’ ಅನ್ನುವ ಆಯ್ಕೆ ಆನ್ ಆಗಿದೆಯಾ ಅಂತಲೂ ನೋಡಿಕೊಳ್ಳಿ. ನೀವು ಕೈಯಾರೆ ಹಾಕಿದ ಚೀಟಿಯ ಜತೆ ಅದೂ ಒಂದನ್ನು ಸೇರಿಸಿ, ಒಂದೇ ವಿಳಾಸದಲ್ಲಿ ಎರಡೆರಡು ಮೀಡಿಯಂ ಆಗಿಬಿಡಬಹುದು. ಎರಡರಲ್ಲಿ ಒಂದನ್ನು ಬಿಡಿ.

ಒಂದು ತಪ್ಪು ಗುಮಾನಿಯನ್ನೂ ಇಲ್ಲೇ ತಳ್ಳಿಹಾಕಬಹುದು. ‘ನಮ್ಮ ಹೋಸ್ಟಿಂಗ್ ಕ್ಯಾಶ್ ಯುಟಿಎಂ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವಂತೆ’ ಅಂತ ಕೆಲವರು ಗಾಬರಿಯಾಗುತ್ತಾರೆ. ಕ್ಯಾಶ್ ಅಂದರೆ ಪುಟದ ಸಿದ್ಧ ಪ್ರತಿ ಇಟ್ಟುಕೊಂಡು ಅದನ್ನೇ ಕೊಡುವ ವ್ಯವಸ್ಥೆ. ಚೀಟಿ ಇದ್ದರೂ ಇಲ್ಲದಿದ್ದರೂ ಒಂದೇ ಕ್ಯಾಶ್ ಪುಟ ಕೊಡುವುದು ಒಳ್ಳೆಯದೇ, ಸೈಟು ಬೇಗ ತೆರೆಯುತ್ತದೆ. ಅನಲಿಟಿಕ್ಸ್ ಕೋಡ್ ಓದುವುದು ಬ್ರೌಸರ್‌ನ ವಿಳಾಸಪಟ್ಟಿಯನ್ನು. ಅಲ್ಲಿ ಚೀಟಿ ಇದ್ದರೆ ಸಾಕು.

ಚೀಟಿ ಇದೆ, ಎಣಿಕೆ ಇಲ್ಲ

ಈಗ ನೆಟ್‌ವರ್ಕ್ ಟ್ಯಾಬ್‌ನ ಫಿಲ್ಟರ್ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ‘ಕಲೆಕ್ಟ್’ ಅಂತ ಟೈಪ್ ಮಾಡಿ. ಗೂಗಲ್ ಅನಲಿಟಿಕ್ಸ್‌ಗೆ ಹೋಗುವ ಮನವಿಗಳು (ರಿಕ್ವೆಸ್ಟ್) ಮಾತ್ರ ಉಳಿಯುತ್ತವೆ. ಸರಿಯಾಗಿ ಹೋದ ಮನವಿಗೆ ಸಾಮಾನ್ಯವಾಗಿ 204 ಅಂತ ಉತ್ತರ ಬಂದಿರುತ್ತದೆ. ಕೆಲವೊಮ್ಮೆ ಅದು ಹೊರಡಲು ನಾಲ್ಕೈದು ಸೆಕೆಂಡ್ ಹಿಡಿಯುತ್ತದೆ, ಸ್ವಲ್ಪ ತಾಳಿ.

ಆ ಸಾಲನ್ನು ಒತ್ತಿ ‘ಪೇಲೋಡ್’ ತೆರೆಯಿರಿ. ಇಪ್ಪತ್ತು–ಮೂವತ್ತು ಸಾಲು ಕಂಡರೂ ಬೇಕಾದವು ನಾಲ್ಕು. ‘ಟಿಐಡಿ’ ಎದುರು ಇರುವುದು ನಿಮ್ಮ ಮೆಷರ್‌ಮೆಂಟ್ ಐಡಿ, ಅದು ‘ಜಿ-’ಯಿಂದ ಶುರುವಾಗಬೇಕು. ‘ಇಎನ್’ ಎದುರು ಈವೆಂಟ್ ಹೆಸರು, ‘ಪೇಜ್_ವ್ಯೂ’ ಅಂತ. ‘ಡಿಎಲ್’ ಎದುರು ಪುಟದ ವಿಳಾಸ. ‘ಡಿಆರ್’ ಎದುರು ರೆಫರರ್, ಇಮೇಲ್ ಕ್ಲಿಕ್ಕಿನಲ್ಲಿ ಅದು ಇರದೇ ಹೋಗಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು ‘ಡಿಎಲ್’. ಅದರೊಳಗೆ ಟೆಸ್ಟ್-ಎ1 ಕಂಡರೆ ಗುರುತು ಗೂಗಲ್‌ವರೆಗೆ ತಲುಪಿದೆ ಅಂತಲೇ ಅರ್ಥ. ಹಾಗಿದ್ದರೆ ಈ ಭಾಗ ಬಿಟ್ಟು ವರದಿಯ ಭಾಗಕ್ಕೆ ಹೋಗಿ.

ಮನವಿಯೇ ಹೋಗಿಲ್ಲ ಅಂದರೆ ಹೀಗೆ ಸೋಸುತ್ತಾ ಬನ್ನಿ. ಪ್ಲಗಿನ್ ಸೆಟ್ಟಿಂಗ್‌ನಲ್ಲಿ ‘ಯುಎ-’ಯಿಂದ ಶುರುವಾಗುವ ಹಳೆಯ ಐಡಿ ಉಳಿದಿದೆಯಾ? ಆ ಕಾಲದ ಯೂನಿವರ್ಸಲ್ ಅನಲಿಟಿಕ್ಸ್‌ನ ಸಾಮಾನ್ಯ ಖಾತೆಗಳು 2023ರ ಜುಲೈ 1ರಿಂದ ಹೊಸ ದತ್ತಾಂಶ ತೆಗೆದುಕೊಳ್ಳುವುದನ್ನೇ ನಿಲ್ಲಿಸಿವೆ. ಅಡ್ಮಿನ್‌ಗಳ ಭೇಟಿ ಎಣಿಸಬೇಡ ಅನ್ನುವ ಆಯ್ಕೆ ಅನೇಕ ಪ್ಲಗಿನ್‌ಗಳಲ್ಲಿ ಮೊದಲಿನಿಂದಲೇ ಆನ್ ಇರುತ್ತದೆ. ಖಾಸಗಿ ವಿಂಡೋ ಬಳಸಿ ಅಂದದ್ದು ಅದಕ್ಕೇ. ಕ್ಯಾಶ್ ಆದ ಹಳೆಯ ಪುಟದಲ್ಲಿ ಟ್ರ್ಯಾಕಿಂಗ್ ಕೋಡ್ ಇನ್ನೂ ಸೇರಿಲ್ಲದೆ ಇರಬಹುದು, ಕ್ಯಾಶ್ ಖಾಲಿ ಮಾಡಿ ಮತ್ತೆ ನೋಡಿ.

ವೇಗ ಹೆಚ್ಚಿಸುವ ಪ್ಲಗಿನ್‌ಗಳನ್ನು ನಾನು ಮೊದಲು ಅನುಮಾನಿಸುತ್ತೇನೆ. ‘ಓದುಗರು ಏನಾದರೂ ಮುಟ್ಟುವವರೆಗೆ ಜಾವಾಸ್ಕ್ರಿಪ್ಟ್ ತಡೆದಿಡು’ ಅನ್ನುವ ಸೌಲಭ್ಯ ಅವುಗಳಲ್ಲಿ ಇರುತ್ತದೆ. ಅದು ಆನ್ ಇದ್ದರೆ, ಪುಟ ತೆರೆದು ಮೇಲಿನ ನಾಲ್ಕು ಸಾಲು ಓದಿ, ಸ್ಕ್ರೋಲ್ ಕೂಡ ಮಾಡದೆ ಹಿಂದೆ ಹೋದವರು ಎಣಿಕೆಗೇ ಬರುವುದಿಲ್ಲ. ಇದನ್ನು ಪರೀಕ್ಷಿಸುವುದು ಸುಲಭ. ಪುಟ ತೆರೆಯಿರಿ, ಮೌಸ್ ಅಲುಗಿಸಬೇಡಿ, ಹತ್ತು ಸೆಕೆಂಡ್ ಸುಮ್ನೆ ಕೂತಿರಿ. ಮನವಿ ಹೊರಡಲಿಲ್ಲ. ಈಗ ಸ್ಕ್ರೋಲ್ ಮಾಡಿ. ತಕ್ಷಣ ಹೊರಟಿತು ಅಂದರೆ ಗೊತ್ತಾಯಿತಲ್ವಾ? ಅನಲಿಟಿಕ್ಸ್ ಸ್ಕ್ರಿಪ್ಟನ್ನು ಆ ತಡೆಯ ಪಟ್ಟಿಯಿಂದ ಹೊರಗಿಡಿ. ವಿಳಾಸಪಟ್ಟಿ ಚೊಕ್ಕಟವಾಗಿರಲಿ ಅಂತ ಯುಟಿಎಂ ಅಳಿಸುವ ಸ್ಕ್ರಿಪ್ಟ್ ಹಾಕಿಕೊಂಡಿದ್ದರೆ ಇನ್ನೂ ತೊಂದರೆ. ಅನಲಿಟಿಕ್ಸ್ ಎಚ್ಚರವಾಗುವ ಮೊದಲೇ ಅದು ಚೀಟಿ ಕಿತ್ತಿರುತ್ತದೆ. ಅದನ್ನು ತೆಗೆದುಬಿಡಿ ಅನ್ನುವುದು ನನ್ನ ಸಲಹೆ. ಅದರಿಂದ ಸಿಗುವ ಅಂದಕ್ಕಿಂತ ಆಗುವ ನಷ್ಟವೇ ಜಾಸ್ತಿ.

ಇನ್ನು ಕುಕೀ ಒಪ್ಪಿಗೆಯ ಬ್ಯಾನರ್. ಒಪ್ಪಿಗೆ ಕೊಡುವವರೆಗೆ ಅನಲಿಟಿಕ್ಸ್ ಲೋಡೇ ಆಗದಂತೆ ಬ್ಯಾನರ್ ಹೊಂದಿಸಿದ್ದೀರಿ ಅಂದುಕೊಳ್ಳೋಣ. ಓದುಗರೊಬ್ಬರು ಇಮೇಲ್‌ನಿಂದ ಬಂದರು, ಬ್ಯಾನರ್ ಗಮನಿಸಲಿಲ್ಲ, ಲೇಖನ ಓದಿ ಪಕ್ಕದ ಇನ್ನೊಂದು ಲೇಖನಕ್ಕೆ ಹೋದರು. ಅಲ್ಲಿ ‘ಒಪ್ಪುತ್ತೇನೆ’ ಒತ್ತಿದರು. ಅನಲಿಟಿಕ್ಸ್ ಶುರುವಾಗಿದ್ದು ಎರಡನೇ ಪುಟದಲ್ಲಿ. ಆ ವಿಳಾಸದಲ್ಲಿ ಚೀಟಿ ಇಲ್ಲ, ರೆಫರರ್ ನೋಡಿದರೆ ನಿಮ್ಮದೇ ಸೈಟು. ಅವರು ಡೈರೆಕ್ಟ್ ಆಗಿಬಿಟ್ಟರು. ಇಲ್ಲಿ ಯಾವ ಕೋಡೂ ಕೆಟ್ಟಿಲ್ಲ. ಒಪ್ಪಿಗೆ ಇಲ್ಲದೆ ಎಣಿಸಬಾರದು ಅನ್ನುವುದೂ ನ್ಯಾಯವೇ, ಅದನ್ನು ಅಡ್ಡದಾರಿಯಲ್ಲಿ ದಾಟಲು ಹೋಗಬೇಡಿ. ಬ್ಯಾನರ್ ಮೊದಲ ಪುಟದಲ್ಲೇ ಸ್ಪಷ್ಟವಾಗಿ ಕಾಣುವಂತೆ ಮಾಡಬಹುದು. ಅದರಾಚೆಗೆ, ಒಂದು ಪಾಲು ಓದುಗರು ಲೆಕ್ಕಕ್ಕೆ ಸಿಗುವುದಿಲ್ಲ ಅಂತ ಒಪ್ಪಿಕೊಂಡೇ ವರದಿ ಓದಬೇಕು.

ಮನವಿ ಎರಡೆರಡು ಸಲ ಹೋಗುತ್ತಿದ್ದರೆ ಕೋಡ್ ಎರಡು ಕಡೆ ಇದೆ. ಥೀಮ್‌ನ ಹೆಡರ್‌ನಲ್ಲಿ ಒಂದು, ಪ್ಲಗಿನ್‌ನಿಂದ ಇನ್ನೊಂದು. ಒಂದನ್ನು ತೆಗೆಯಿರಿ.

ಗುರುತು ತಲುಪಿದೆ, ವರದಿಯಲ್ಲಿ ಇಲ್ಲ

ಅವಸರ ಬೇಡ. ರಿಯಲ್‌ಟೈಮ್ ವರದಿ ಕಳೆದ 30 ನಿಮಿಷದ್ದನ್ನು ತೋರಿಸುತ್ತದೆ. ಉಳಿದ ವರದಿಗಳು ತುಂಬಿಕೊಳ್ಳಲು 24ರಿಂದ 48 ಗಂಟೆ ಹಿಡಿಯಬಹುದು. ವರ್ಡ್‌ಪ್ರೆಸ್ ಒಳಗೆ ಪ್ಲಗಿನ್ ತೋರಿಸುವ ಡ್ಯಾಶ್‌ಬೋರ್ಡ್ ಆ ವರದಿಗಳನ್ನೇ ತಂದು ತನ್ನಲ್ಲಿ ಕೆಲಹೊತ್ತು ಇಟ್ಟುಕೊಂಡಿರುತ್ತದೆ. ಅನುಮಾನ ಬಂದಾಗ ಪ್ಲಗಿನ್ ಪುಟ ಬಿಟ್ಟು ಅನಲಿಟಿಕ್ಸ್‌ನಲ್ಲೇ ನೇರವಾಗಿ ನೋಡಿ.

ಆಮೇಲೆ ಯಾವ ವರದಿ ತೆರೆದಿದ್ದೀರಿ ಅಂತ ಗಮನಿಸಿ. ನನ್ನ ಪ್ರಕಾರ ಇದರಷ್ಟು ಜನರನ್ನು ದಾರಿ ತಪ್ಪಿಸುವ ಸಂಗತಿ ಇನ್ನೊಂದಿಲ್ಲ. ‘ಯೂಸರ್ ಅಕ್ವಿಸಿಷನ್’ ವರದಿ ಒಬ್ಬ ಓದುಗ ಮೊಟ್ಟಮೊದಲು ಎಲ್ಲಿಂದ ಬಂದ ಅಂತ ಹೇಳುತ್ತದೆ. ‘ಟ್ರಾಫಿಕ್ ಅಕ್ವಿಸಿಷನ್’ ವರದಿ ಈ ಭೇಟಿ, ಅಂದರೆ ಈ ಸೆಷನ್ ಎಲ್ಲಿಂದ ಬಂತು ಅಂತ ಹೇಳುತ್ತದೆ. ನಿಮ್ಮ ಸುದ್ದಿಪತ್ರದ ಚಂದಾದಾರರು ಯಾರು? ಹುಡುಕಾಟದಿಂದಲೋ ಬೇರೆಯವರ ಲಿಂಕಿನಿಂದಲೋ ನಿಮ್ಮ ಸೈಟಿಗೆ ಬಂದು, ಲೇಖನ ಮೆಚ್ಚಿ, ಇಮೇಲ್ ಕೊಟ್ಟವರು. ಅದೇ ಬ್ರೌಸರ್‌ನಲ್ಲಿ ಅವರು ಇಮೇಲ್ ಮೂಲಕ ಎಷ್ಟು ಸಲ ಬಂದರೂ ಯೂಸರ್ ವರದಿಯಲ್ಲಿ ‘ಆರ್ಗ್ಯಾನಿಕ್ ಸರ್ಚ್’ ಅಂತಲೇ ಇರುತ್ತಾರೆ. ಕ್ಯಾಂಪೇನ್ ಅಳೆಯಲು ಬೇಕಾದ್ದು ಟ್ರಾಫಿಕ್ ವರದಿ. ರಿಯಲ್‌ಟೈಮ್‌ನಲ್ಲಿ ಮೂಲ ತೋರಿಸುವ ಕಾರ್ಡ್ ಕೂಡ ಮೊದಲ ಭೇಟಿಯ ಮೂಲವನ್ನೇ ತೋರಿಸುತ್ತದೆ. ದಿನಾ ಬಳಸುವ ಬ್ರೌಸರ್‌ನಲ್ಲಿ ಪರೀಕ್ಷೆ ಮಾಡಿದರೆ ಅಲ್ಲಿ ನಿಮ್ಮ ಟೆಸ್ಟ್ ಕಾಣದೇ ಹೋಗುವುದು ಇದರಿಂದಲೇ.

ಟ್ರಾಫಿಕ್ ವರದಿಯಲ್ಲೂ ಇಮೇಲ್ ಚಾನಲ್ (ಮೂಲಗಳ ಗುಂಪು) ಕೆಳಗೆ ಇಲ್ಲವಾದರೆ ‘ಅನ್‌ಅಸೈನ್ಡ್’ ಸಾಲಿನಲ್ಲಿ ಹುಡುಕಿ. ಸೋರ್ಸ್ ಅಥವಾ ಮೀಡಿಯಂ ಎರಡರಲ್ಲಿ ಒಂದು ‘ಇಮೇಲ್’ ಅಂತ ಇದ್ದರೆ ಮಾತ್ರ ಅನಲಿಟಿಕ್ಸ್ 4 ಅದನ್ನು ಇಮೇಲ್ ಚಾನಲ್‌ಗೆ ಹಾಕುತ್ತದೆ. ‘ಇ’ ಮತ್ತು ‘ಮೇಲ್’ ನಡುವೆ ಅಡ್ಡಗೆರೆ (-), ಕೆಳಗೆರೆ (_), ಖಾಲಿ ಜಾಗ ಇದ್ದರೂ ಒಪ್ಪುತ್ತದೆ. ಮೀಡಿಯಂ ಜಾಗದಲ್ಲಿ ‘ನ್ಯೂಸ್‌ಲೆಟರ್’ ಅಂತ ಬರೆದು, ಸೋರ್ಸ್ ಜಾಗದಲ್ಲಿ ಸೇವೆಯ ಹೆಸರು ಬರೆದರೆ ಅದು ಯಾವ ಚಾನಲ್‌ಗೂ ಸೇರದೆ ಅನ್‌ಅಸೈನ್ಡ್ ಆಗುತ್ತದೆ. ಹಾಗೇ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಅಂತ ಲೆಕ್ಕ. ಒಂದೇ ಕ್ಯಾಂಪೇನ್ ಮೂರು ಸಾಲಾಗಿ ಒಡೆದಿದ್ದರೆ ಕಾರಣ ಇದೇ.

ಓದುಗರ ಸಂಖ್ಯೆ ಸಣ್ಣದಿದ್ದಾಗ, ವ್ಯಕ್ತಿಗಳ ಗುರುತು ಸಿಗದಿರಲಿ ಅಂತ ಅನಲಿಟಿಕ್ಸ್ ಕೆಲವು ಸಾಲುಗಳನ್ನು ಮರೆಮಾಡುವುದೂ ಉಂಟು. ವರದಿಯ ಮೇಲ್ಭಾಗದ ಚಿಹ್ನೆ ಒತ್ತಿದರೆ ಅದರ ಸೂಚನೆ ಕಾಣುತ್ತದೆ. ದಿನಾಂಕದ ಅವಧಿ ಹಿಗ್ಗಿಸಿ ನೋಡಿ.

ಎಲ್ಲ ಸರಿಮಾಡಿದರೂ 400 ಆಗುವುದಿಲ್ಲ

ಇಮೇಲ್ ಸೇವೆ ಎಣಿಸುವುದು ಕ್ಲಿಕ್, ಅನಲಿಟಿಕ್ಸ್ ಎಣಿಸುವುದು ಸೆಷನ್. ಒಬ್ಬರು ಹತ್ತು ನಿಮಿಷದಲ್ಲಿ ಮೂರು ಲಿಂಕ್ ಒತ್ತಿದರೆ ಅಲ್ಲಿ ಮೂರು, ಇಲ್ಲಿ ಒಂದು. 30 ನಿಮಿಷ ಏನೂ ಮಾಡದೆ ಬಿಟ್ಟು ಮತ್ತೆ ಬಂದರಷ್ಟೇ ಇಲ್ಲಿ ಹೊಸ ಸೆಷನ್. ಜತೆಗೆ ಅನೇಕ ಕಚೇರಿಗಳ ಭದ್ರತಾ ಸಾಫ್ಟ್‌ವೇರ್ ಮೇಲ್ ಬಂದ ಕೂಡಲೇ ಒಳಗಿನ ಲಿಂಕುಗಳನ್ನೆಲ್ಲ ತಾನೇ ತೆರೆದು ಪರೀಕ್ಷಿಸುತ್ತದೆ. ಇಮೇಲ್ ಸೇವೆಗೆ ಅದೂ ಕ್ಲಿಕ್ ಆಗಿ ಕಾಣಬಹುದು. ಆ ಸಾಫ್ಟ್‌ವೇರ್ ಪುಟದ ಜಾವಾಸ್ಕ್ರಿಪ್ಟ್ ನಡೆಸದಿದ್ದರೆ ಅನಲಿಟಿಕ್ಸ್‌ಗೆ ಅದು ಗೊತ್ತೇ ಆಗುವುದಿಲ್ಲ. ಮೇಲ್ ಹೋದ ಮೊದಲ ನಿಮಿಷದಲ್ಲೇ, ಒಂದೇ ವಿಳಾಸದಿಂದ, ಎಲ್ಲ ಲಿಂಕುಗಳಿಗೂ ಕ್ಲಿಕ್ ಬಿದ್ದಿದ್ದರೆ ಅದು ಮನುಷ್ಯರದ್ದಲ್ಲ ಅನ್ನಬಹುದು.

ಮೇಲ್ ತೆರೆದವರ ಸಂಖ್ಯೆಯ ಜತೆಗಂತೂ ಹೋಲಿಸಲೇಬೇಡಿ. 2021ರಲ್ಲಿ ಐಒಎಸ್ 15 ಬಂದಾಗಿನಿಂದ ಆ್ಯಪಲ್‌ನ ಮೇಲ್ ಆ್ಯಪ್, ಬಳಕೆದಾರರು ಖಾಸಗಿತನ ರಕ್ಷಣೆ ಆನ್ ಮಾಡಿದ್ದರೆ, ಮೇಲ್‌ನ ಚಿತ್ರಗಳನ್ನು ಮೊದಲೇ ತರಿಸಿಕೊಳ್ಳುತ್ತದೆ. ಓದದ ಮೇಲ್ ಕೂಡ ತೆರೆದದ್ದು ಅಂತ ದಾಖಲಾಗುತ್ತದೆ. 2023ರ ಐಒಎಸ್ 17 ಕೆಲವು ಲಿಂಕ್ ಗುರುತುಗಳನ್ನು ಅಳಿಸುತ್ತದೆ ಅನ್ನುವುದು ನಿಜ. ಆದರೆ ಅದು ತೆಗೆಯುವುದು ಜಾಹೀರಾತು ಕ್ಲಿಕ್ಕಿನ ಐಡಿಯಂಥ, ಒಬ್ಬೊಬ್ಬರನ್ನೂ ಗುರುತಿಸುವ ಪ್ಯಾರಾಮೀಟರ್‌ಗಳನ್ನು. ಯುಟಿಎಂ ಮುಟ್ಟುವುದಿಲ್ಲ.

ಎರಡೂ ಕಡೆಯ ಟೈಮ್‌ಝೋನ್ ಒಂದೇ ಇದೆಯಾ ಅಂತಲೂ ಒಮ್ಮೆ ನೋಡಿ. ಬೇರೆ ಇದ್ದರೆ ದಿನದ ಲೆಕ್ಕ ಯಾವತ್ತೂ ತಾಳೆಯಾಗದು.

ಹಳೆಯ ಲೆಕ್ಕದ ಗತಿ

ದೋಷ ಸಿಕ್ಕ ಮೇಲೆ ಎಲ್ಲರೂ ಕೇಳುವುದು ಇದನ್ನೇ: ಹಿಂದಿನ ತಿಂಗಳುಗಳ ಅಂಕಿ ಸರಿಮಾಡಬಹುದಾ? ರೀಡೈರೆಕ್ಟ್‌ನಲ್ಲಿ ಕಳೆದ ಚೀಟಿ ವಾಪಸ್ ಬರುವುದಿಲ್ಲ. ಆ ಓದುಗರು ಡೈರೆಕ್ಟ್‌ನಲ್ಲೇ ಉಳಿಯುತ್ತಾರೆ. ಆದರೆ ಮೀಡಿಯಂ ಹೆಸರು ತಪ್ಪಾಗಿ ಅನ್‌ಅಸೈನ್ಡ್‌ಗೆ ಬಿದ್ದಿದ್ದರೆ ದಾರಿ ಇದೆ. ಅನಲಿಟಿಕ್ಸ್‌ನ ಅಡ್ಮಿನ್ ಭಾಗದಲ್ಲಿ ‘ಚಾನಲ್ ಗ್ರೂಪ್ಸ್’ ತೆರೆದು, ಹೊಸ ಗುಂಪು ಮಾಡಿ. ಅದರ ಇಮೇಲ್ ನಿಯಮಕ್ಕೆ ‘ನ್ಯೂಸ್‌ಲೆಟರ್’ ಎಂಬ ಮೀಡಿಯಂ ಅನ್ನೂ ಸೇರಿಸಿ. ನೀವೇ ಮಾಡಿದ ಚಾನಲ್ ಗುಂಪು ಹಳೆಯ ದತ್ತಾಂಶಕ್ಕೂ ಅನ್ವಯವಾಗುತ್ತದೆ. ಟ್ರಾಫಿಕ್ ವರದಿಯಲ್ಲಿ ಆ ಗುಂಪನ್ನು ಆರಿಸಿಕೊಂಡರೆ ಹಿಂದಿನ ಸುದ್ದಿಪತ್ರಗಳಿಂದ ಬಂದವರು ಇಮೇಲ್ ಸಾಲಿಗೆ ಬಂದು ಸೇರುತ್ತಾರೆ.

ಟೆಸ್ಟ್-ಎ1 ಮೇಲ್ ಅಳಿಸಬೇಡಿ. ಕ್ಯಾಶ್ ಪ್ಲಗಿನ್ ಅಪ್‌ಡೇಟ್ ಆದಾಗ, ಥೀಮ್ ಬದಲಿಸಿದಾಗ, ಲೇಖನಗಳ ವಿಳಾಸದ ಮಾದರಿ ಬದಲಾದಾಗ ಮುಂದಿನ ಸುದ್ದಿಪತ್ರಕ್ಕೆ ಮೊದಲು ಅದೇ ಲಿಂಕನ್ನು ಖಾಸಗಿ ವಿಂಡೋದಲ್ಲಿ ಇನ್ನೊಮ್ಮೆ ತೆರೆದು ‘ಡಿಎಲ್’ ಸಾಲು ನೋಡಿಬಿಡಿ.